ಕೌದಿಯೊಳಗಿನ ಹಾಡು

ಈ ಪತ್ರಿಕೆಯಲ್ಲಿ ವ್ರತ ನಿಯಮಗಳ ವಿಷಯವನ್ನು ಬಲ್ಲವರು ಬರೆಯುತ್ತಾರೆ. ನಾವು ಬಲ್ಲವರಲ್ಲ. ಮೆಟ್ರಿಕ್ ಮುಗಿಸಿ ಅಂಗಡಿಯ ಗಾದಿಯ ಮೇಲೆ ಕೂತವರು, ಇನ್ನೂ ಅಲ್ಲೇ ಇದ್ದೇವೆ. ಆದರೆ ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ‘ದುಃಶ್ರುತಿ’ ಎಂಬುದೊಂದಿದೆಯಲ್ಲ, ಕೇಳಬಾರದ್ದನ್ನು ಕೇಳಿ ಮನಸ್ಸು ಕೆಡಿಸಿಕೊಳ್ಳುವುದು, ಅದೊಂದರಲ್ಲಿ ಮಾತ್ರ ನಮಗೆ ಬಲ್ಲವರಿಗಿಂತ ಹೆಚ್ಚಿನ ಅನುಭವವಿದೆ. ಹದಿಮೂರನೆಯ ವಯಸ್ಸಿನಿಂದ ಇಂದಿನವರೆಗೆ ನಾವು ಸಿನಿಮಾ ಹಾಡನ್ನು ಕದ್ದು ಕೇಳುತ್ತ ಬಂದವರು. ಅದೂ ಭಕ್ತಿಗೀತೆಯಲ್ಲ, ಶೋಕಗೀತೆಯಲ್ಲ. ಆಶಾ ಭೋಸ್ಲೆ ಹಾಡಿ ಹೆಲೆನ್ ಕುಣಿದ ಹಾಡುಗಳು.

ನಮ್ಮೂರು ನಂದವರಂ. ಹೆಸರು ಹೇಳಿದ ಕೂಡಲೇ ಹಲವರು “ಚೌಡೇಶ್ವರಿ ಗುಡಿ ಇರುವ ಊರೇ?” ಎನ್ನುತ್ತಾರೆ. ಅದು ಬನಗಾನಪಲ್ಲೆ ಕಡೆಯ ನಂದವರಂ, 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ. ನಮ್ಮದು ಎಮ್ಮಿಗನೂರಿನ ಮಗ್ಗುಲಿನದು, ಆದೋನಿ ಸೀಮೆ. ಆದೋನಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಹೋಯಿತು. ಗೆರೆ ಎಳೆದವರು ನಕ್ಷೆಯ ಮೇಲೆ ಎಳೆದರು, ನಮ್ಮ ಅಡುಗೆಮನೆಯ ಮಾತು ಬದಲಾಗಲಿಲ್ಲ. ಒಳಗೆ ಕನ್ನಡ, ಗಿರಾಕಿಯ ಹತ್ತಿರ ತೆಲುಗು. ಶಾಲೆಯೂ ತೆಲುಗಿನದೇ. ಕನ್ನಡ ಅಕ್ಷರಗಳನ್ನು ತಾಯಿಯವರು ಶಾಸ್ತ್ರದ ಪುಸ್ತಕ ಮುಂದಿಟ್ಟುಕೊಂಡು ಕಲಿಸಿದರು. ಹಿಂದಿಯನ್ನು ಯಾರೂ ಕಲಿಸಲಿಲ್ಲ. ಅದು ರೇಡಿಯೋದಿಂದ ಬಂತು.

ರೇಡಿಯೋ ನಮ್ಮ ಮನೆಗೆ ಬಂದದ್ದು 1971ರ ಡಿಸೆಂಬರಿನಲ್ಲಿ, ಬಾಂಗ್ಲಾ ಯುದ್ಧದ ಸುದ್ದಿಗೆಂದು. ಸೆಲ್ಲಿನ ಮೇಲೆ ನಡೆಯುವ ಟ್ರಾನ್ಸಿಸ್ಟರು, ಚರ್ಮದ ಚೀಲ, ಹೆಗಲಿಗೆ ಹಾಕುವ ಪಟ್ಟಿ. ಯುದ್ಧ ಎರಡೇ ವಾರದಲ್ಲಿ ಮುಗಿಯಿತು. ಆಮೇಲೆ ತಂದೆಯವರು ವಾರ್ತೆ ಮತ್ತು ಪೇಟೆ ಧಾರಣೆ, ಇವೆರಡಕ್ಕೆ ಮಾತ್ರ ಅದರ ಗುಂಡಿ ತಿರುಗಿಸುತ್ತಿದ್ದರು. ಹತ್ತಿ ಏನಾಯಿತು, ಶೇಂಗಾ ಏನಾಯಿತು, ಟಕ್ ಎಂದು ಬಂದ್. ಅದಕ್ಕೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಾಗಿತ್ತು. ದುಡ್ಡು ಕಟ್ಟಿ ಪಾಪ ಕೊಳ್ಳುವುದೇ ಎಂಬುದು ತಂದೆಯವರ ವಾದ. ಸಿನಿಮಾ ಹಾಡು ಮನೆಯೊಳಗೆ ಬರಬಾರದು ಎಂಬುದು ನೀರು ಸೋಸಿ ಕುಡಿಯುವಷ್ಟೇ ಗಟ್ಟಿಯಾದ ನಿಯಮವಾಗಿತ್ತು.

ಹಾಗೆಂದು ತಂದೆಯವರು ರಾಗ ಗೊತ್ತಿಲ್ಲದವರಲ್ಲ. ಸೂರ್ಯ ಮುಳುಗುವ ಮೊದಲೇ ಊಟವಾಗಿಬಿಡುವ ಮನೆಯಲ್ಲಿ ರಾತ್ರಿ ಬಲು ಉದ್ದ. ಚಳಿಗಾಲದಲ್ಲಿ ಅವರು ರತ್ನಾಕರವರ್ಣಿಯ ಭರತೇಶ ವೈಭವವನ್ನು ಹಾಡುತ್ತಿದ್ದರು. ಸಾಂಗತ್ಯವೆಂದರೆ ಓದುವುದಲ್ಲ, ಹಾಡುವುದು. ಅದರಲ್ಲಿ ಪೂರ್ವನಾಟಕ ಸಂಧಿ, ಉತ್ತರನಾಟಕ ಸಂಧಿ ಎಂದಿವೆ. ಚಕ್ರವರ್ತಿಯ ಮುಂದೆ ಕುಣಿತವೇನು, ಹಾಡೇನು, ವಾದ್ಯವೇನು! ಆ ಸಂಧಿಗಳು ಬಂದಾಗ ತಂದೆಯವರ ದನಿ ಬೇರೆಯಾಗುತ್ತಿತ್ತು, ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಭರತ ಭೋಗದಲ್ಲಿದ್ದೂ ಯೋಗಿ, ಅವನಿಗೆ ಅಂಟಲಿಲ್ಲ ಎಂದು ವಿವರಿಸುತ್ತಿದ್ದರು. ಪುಸ್ತಕದಲ್ಲಿದ್ದ ಕುಣಿತಕ್ಕೆ ದೋಷವಿಲ್ಲ, ರೇಡಿಯೋದಲ್ಲಿದ್ದ ಕುಣಿತಕ್ಕೆ ದೋಷವುಂಟು ಎಂದು ನಾವು ತಿಳಿದುಕೊಂಡೆವು.

ನಮ್ಮ ತಂಗಿ ಹಾಗೆ ಸುಮ್ಮನೆ ತಿಳಿದುಕೊಳ್ಳುವವಳಲ್ಲ. ನಮಗಿಂತ ನಾಲ್ಕು ವರ್ಷ ಚಿಕ್ಕವಳು. ಒಮ್ಮೆ ಆದಿಪುರಾಣದ ನೀಲಾಂಜನೆಯ ಕಥೆ ನಡೆದಿತ್ತು. ಕುಣಿಯುತ್ತ ಕುಣಿಯುತ್ತಲೇ ನೀಲಾಂಜನೆಯ ಆಯುಷ್ಯ ತೀರುತ್ತದೆ, ರಸಭಂಗವಾಗಬಾರದೆಂದು ಇಂದ್ರ ಅಂಥವಳನ್ನೇ ಇನ್ನೊಬ್ಬಳನ್ನು ತಂದು ನಿಲ್ಲಿಸುತ್ತಾನೆ, ಸಭೆಗೆ ತಿಳಿಯುವುದಿಲ್ಲ, ಆದಿದೇವನಿಗೆ ತಿಳಿಯುತ್ತದೆ, ವೈರಾಗ್ಯ ಬರುತ್ತದೆ. ತಂಗಿ ಕೇಳಿದಳು: “ಹಂಗಾದ್ರೆ ಆದಿದೇವ ಕುಣಿತ ನೋಡದೇ ಇದ್ದಿದ್ರೆ ವೈರಾಗ್ಯ ಬರ್ತಿತ್ತೇನಪ್ಪಾ?” ತಂದೆಯವರು ಸ್ವಲ್ಪ ಹೊತ್ತು ಅವಳ ಮುಖ ನೋಡಿ, “ಮಲಕ್ಕೋ ಹೋಗು” ಎಂದರು.

ಆ ಮನೆಯಲ್ಲಿ ಕಳ್ಳತನ ಶುರುವಾದದ್ದು ಹೇಗೆಂದರೆ, ಆದೋನಿಯ ಅಡತಿ ಅಂಗಡಿಯೊಂದರಲ್ಲಿ ಗುಮಾಸ್ತರ ಹುಡುಗ ನಮಗೆ ಬುಧವಾರ ರಾತ್ರಿ ಎಂಟು ಗಂಟೆಯ ಗುಟ್ಟು ಹೇಳಿಕೊಟ್ಟ. ಶಾರ್ಟ್ ವೇವಿನಲ್ಲಿ ಸಿಲೋನ್ ಸ್ಟೇಷನ್, ಬಿನಾಕಾ ಗೀತಮಾಲಾ, ಅಮೀನ್ ಸಯಾನಿ.

ಈ ಕಾರ್ಯಕ್ರಮ ಹುಟ್ಟಿದ ಕಥೆ ನಮಗೆ ಬಹಳ ತಡವಾಗಿ ತಿಳಿಯಿತು, ತಿಳಿದಾಗ ನಗು ಬಂತು. ದೆಹಲಿಯಲ್ಲೂ ನಮ್ಮ ತಂದೆಯವರಂಥವರೊಬ್ಬರಿದ್ದರು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರು ಶಾಸ್ತ್ರೀಯ ಸಂಗೀತದ ಕಟ್ಟಾ ಅಭಿಮಾನಿ, ಸಿನಿಮಾ ಹಾಡು ಜನರ ರುಚಿ ಕೆಡಿಸುತ್ತದೆಂದು ಆಕಾಶವಾಣಿಯಲ್ಲಿ ಅದನ್ನು ಹತ್ತಿಕ್ಕಿದರು. ದೇಶದ ಕಿವಿ ಸುಮ್ಮನಿರಲಿಲ್ಲ, ಸಮುದ್ರ ದಾಟಿ ಸಿಲೋನಿಗೆ ಹೋಯಿತು. ಅದೇ ವರ್ಷ ಡಿಸೆಂಬರ್ 3ರಂದು ಗೀತಮಾಲಾ ಶುರುವಾಯಿತು. ಕೊನೆಗೆ ಸರ್ಕಾರವೇ ದಾರಿಗೆ ಬಂದು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಿತು. ಹಾಡು ಕೇಳಲು ಮನೆ ಬಿಟ್ಟು ಹೋದ ಮಗನನ್ನು ತಂದೆ ಬೇರೆ ಕೋಣೆ ಕಟ್ಟಿಸಿ ಕರೆದುಕೊಂಡಂತೆ. ಹಾರ್ಮೋನಿಯಂ ಗತಿಯೂ ಇದೇ. ಇಂದು ಹಾರ್ಮೋನಿಯಂ ಇಲ್ಲದೆ ನಮ್ಮಲ್ಲಿ ಆರತಿಯ ಹಾಡು ಏಳುವುದಿಲ್ಲ. ಆಕಾಶವಾಣಿ ಅದನ್ನು ಪರದೇಶದ ಪೆಟ್ಟಿಗೆಯೆಂದು 1940ರಲ್ಲಿ ಹೊರಗೆ ಹಾಕಿ, ಮೂವತ್ತು ವರ್ಷದ ಮೇಲೆ ಒಳಗೆ ಬಿಟ್ಟುಕೊಂಡಿತು.

ನಮ್ಮ ಕಳ್ಳತನಕ್ಕೆ ಜಾಗ ಮಾಳಿಗೆ. ನಮ್ಮ ಸೀಮೆಯ ಮಣ್ಣಿನ ಮಾಳಿಗೆ ಮನೆ ಕಂಡವರಿಗೆ ಗೊತ್ತು, ಬೇಸಿಗೆಯಲ್ಲಿ ಎಲ್ಲರೂ ಮೇಲೆಯೇ ಮಲಗುವುದು. ಹುಳುಗಳು ಬಂದು ಸಾಯುತ್ತವೆಂದು ದೀಪ ಬೇಗ ಆರಿಸುತ್ತಿದ್ದರು. ಆ ಕತ್ತಲೆಯಲ್ಲಿ ಅಣ್ಣ ತಂಗಿ ಇಬ್ಬರೂ ಕೌದಿ ಹೊದ್ದು, ನಡುವೆ ರೇಡಿಯೋ ಇಟ್ಟುಕೊಂಡು, ಅತ್ತ ಒಂದು ಕಿವಿ ಇತ್ತ ಒಂದು ಕಿವಿ ಹಚ್ಚುತ್ತಿದ್ದೆವು. ವೈಶಾಖದ ಸೆಕೆಯಲ್ಲಿ ಕೌದಿಯೊಳಗೆ ಬೆವರು ಹರಿಯುತ್ತಿತ್ತು. ಶಾರ್ಟ್ ವೇವಿನ ದನಿ ಅಲೆ ಬಂದಂತೆ ಬಂದು ಹೋಗುತ್ತಿತ್ತು. ಹಾಡಿನ ನಡುವಿನ ಎರಡು ಸಾಲು ಸಮುದ್ರದ ಪಾಲಾದರೆ ಆ ಎರಡು ಸಾಲನ್ನು ತಂಗಿ ತನ್ನ ಗಂಟಲಿನಿಂದ ತುಂಬುತ್ತಿದ್ದಳು, ಉಸಿರಿನಷ್ಟು ಮೆಲ್ಲಗೆ. ಮಾತಿನ ಅರ್ಥ ಇಬ್ಬರಿಗೂ ಸರಿಯಾಗಿ ಆಗುತ್ತಿರಲಿಲ್ಲ. ಅರ್ಥವಾಗದ ದುಃಶ್ರುತಿಗೆ ಎಷ್ಟು ಪಾಪ ಎಂದು ಶಾಸ್ತ್ರಿಗಳನ್ನು ಕೇಳಬೇಕು.

ಅಮೀನ್ ಸಯಾನಿ ಕೇಳುಗರನ್ನು ಕರೆಯುವಾಗ ಮೊದಲು ಅಕ್ಕತಂಗಿಯರನ್ನು ಕರೆದು, ಆಮೇಲೆ ಅಣ್ಣತಮ್ಮಂದಿರನ್ನು ಕರೆಯುತ್ತಿದ್ದರು. ತಂಗಿ ಪ್ರತಿ ಬುಧವಾರವೂ ಅಲ್ಲಿ ನಮ್ಮ ಪಕ್ಕೆಗೆ ಮೊಣಕೈಯಿಂದ ತಿವಿಯುತ್ತಿದ್ದಳು. “ನಾನು ಮೊದಲು” ಎಂದು.

ಸೆಲ್ಲು ಬೇಗ ಇಳಿಯುತ್ತಿತ್ತು. ತಂದೆಯವರು ವ್ಯಾಪಾರಿ, ಇಷ್ಟು ವಾರ್ತೆಗೆ ಇಷ್ಟು ಸೆಲ್ಲು ಎಂಬ ಲೆಕ್ಕ ಅವರ ತಲೆಯಲ್ಲಿತ್ತು. ತಂಗಿ ಹಗಲು ಮೆಣಸಿನಕಾಯಿ ಹರವುವ ನೆಪದಲ್ಲಿ ಸೆಲ್ಲುಗಳನ್ನು ಬಿಸಿಲಿಗಿಟ್ಟು ಜೀವ ಬರಿಸುತ್ತಿದ್ದಳು.

ತಂದೆಯವರಿಗೆ ಸಂಶಯವಿತ್ತೋ ಏನೋ, ಆ ದಿನಗಳಲ್ಲಿ ಯಶೋಧರ ಚರಿತೆಯನ್ನು ಮೇಲಿಂದ ಮೇಲೆ ಹೇಳುತ್ತಿದ್ದರು. ಜನ್ನ ಕವಿ 1209ರಲ್ಲಿ ಬರೆದದ್ದು. ರಾಣಿ ಅಮೃತಮತಿ ರಾತ್ರಿಯಲ್ಲಿ ಗಂಡನ ಮಗ್ಗುಲಲ್ಲಿ ಮಲಗಿದ್ದವಳು ಆನೆಯ ಮಾವುತ ಹಾಡುವುದನ್ನು ಕೇಳುತ್ತಾಳೆ, ಮುಖ ನೋಡದೆಯೇ ಮನಸ್ಸು ಕೊಡುತ್ತಾಳೆ, ಮನೆತನ ಮುರಿಯುತ್ತದೆ. “ಕಿವಿಯಿಂದ ಒಳಗೆ ಬಂದದ್ದು ಕಣ್ಣಿಂದ ಬಂದದ್ದಕ್ಕಿಂತ ಕೆಟ್ಟದ್ದು” ಎಂದು ತಂದೆಯವರು ನಮ್ಮ ಕಡೆ ನೋಡಿ ಹೇಳುತ್ತಿದ್ದರು. ನಮಗೆ ಭಯವಾಗುತ್ತಿತ್ತು. ಆದರೂ ಮುಂದಿನ ಬುಧವಾರ ಬರುತ್ತಿತ್ತು. ಈಗ ಯೋಚಿಸಿದರೆ ಆ ಕಥೆಯಲ್ಲಿ ಇನ್ನೊಂದು ಮಾತಿದೆ, ಅದನ್ನು ಅಂದು ನಾವು ಕೇಳಿಸಿಕೊಳ್ಳಲಿಲ್ಲ. ಯಶೋಧರ ಕೊಂದದ್ದು ನಿಜವಾದ ಕೋಳಿಯನ್ನಲ್ಲ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು. ಅಷ್ಟಕ್ಕೇ ತಾಯಿ ಮಗ ಜನ್ಮ ಜನ್ಮ ಅಲೆದರು. ರಕ್ತ ಬರದಿದ್ದರೂ ಹಿಂಸೆ ಹಿಂಸೆಯೇ.

1978ರ ಭಾದ್ರಪದ. ದಶಲಕ್ಷಣ ಪರ್ವಕ್ಕೆ ನಾವೆಲ್ಲ ಆದೋನಿಗೆ ಹೋಗಿದ್ದೆವು. ನಮ್ಮೂರಿನಲ್ಲಿ ಜೈನರ ಮನೆಗಳು ಬೆರಳಲ್ಲಿ ಎಣಿಸುವಷ್ಟು, ಆದ್ದರಿಂದ ಆದೋನಿಯ ಬಂಧುಗಳ ಮನೆಯ ಚೈತ್ಯಾಲಯದಲ್ಲಿ ಎಲ್ಲರೂ ಸೇರುವುದು ರೂಢಿ. ಸಂಜೆಯ ಆರತಿಯಾದ ಮೇಲೆ ಹೆಣ್ಣುಮಕ್ಕಳು ಸ್ತವನ ಹಾಡುತ್ತಿದ್ದರು. ತಂಗಿಗೆ ಹದಿನೈದು. ಅಂದು ಅವಳು ಪಾರ್ಶ್ವನಾಥ ಸ್ವಾಮಿಯ ಮೇಲೆ ತಾನೇ ಕಟ್ಟಿದ ನಾಲ್ಕು ನುಡಿಯ ಸ್ತವನ ಹಾಡಿದಳು. ಪದಗಳು ಸಾದಾ. ಆದರೆ ಧಾಟಿ! ಮೊದಲ ಸಾಲು ಮುಗಿಯುವಷ್ಟರಲ್ಲಿ ನಮ್ಮ ಮೈಮೇಲೆ ಮುಳ್ಳು ಎದ್ದವು. ಕೌದಿಯೊಳಗಿನ ಹಾಡು ಅದು. ಹೆಲೆನ್ ಕುಣಿದ ಹಾಡು. ಯಾವ ಹಾಡೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ಗುನುಗಲು ಶುರುಮಾಡುತ್ತಾರೆ, ಆ ಪಾಪವೂ ನಮಗೇ ಬರುತ್ತದೆ. ತಂಗಿ ಅದರ ಓಟವನ್ನು ತೆಗೆದು ನಿಧಾನ ಮಾಡಿದ್ದಳು, ಕುಣಿತದ ಕಡೆ ತಿರುಗುವ ಸ್ವರವನ್ನು ಅಲ್ಲೇ ಹಿಡಿದು ನಿಲ್ಲಿಸಿದ್ದಳು. ಅಷ್ಟು ಮಾಡಿದ ಮೇಲೆ ಉಳಿದದ್ದು ಬೇಡಿಕೆಯಂಥ ಒಂದು ದನಿ. ಮುದುಕಿಯರು ಕಣ್ಣು ಒರೆಸಿಕೊಂಡರು. ನಮ್ಮ ತಂದೆಯವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

ಹಾಡು ಮುಗಿಯಿತು. ಹಿರಿಯರೊಬ್ಬರು ಕನ್ನಡಕ ಮೇಲೆ ಮಾಡಿ, “ಚೆನ್ನಾಗಿದೆ, ಆದರೆ ಇದು ಎಲ್ಲಿಯ ಧಾಟಿ? ಎಲ್ಲೋ ಹೋಟೆಲಿನ ಮುಂದೆ ಕೇಳಿದ ಹಾಗಿದೆಯಲ್ಲ” ಎಂದರು. ಯಾರೂ ಮಾತಾಡಲಿಲ್ಲ. ಅವರು ನಮ್ಮ ಕಡೆ ತಿರುಗಿದರು. “ಏನಪ್ಪಾ, ನೀನು ಮೆಟ್ರಿಕ್ ಓದಿದವ, ಪೇಟೆಯಲ್ಲಿ ಓಡಾಡುವವ. ನಿನಗೆ ಗೊತ್ತೇ?”

ಗೊತ್ತಿಲ್ಲ ಎಂದಿದ್ದರೆ ಸುಳ್ಳಾಗುತ್ತಿತ್ತು. ನಾನೇ ಕೇಳಿಸಿದ್ದು ಎಂದಿದ್ದರೆ ಸತ್ಯವಾಗುತ್ತಿತ್ತು. ನಾವು ಎರಡನ್ನೂ ಹೇಳಲಿಲ್ಲ. “ಸಿನಿಮಾದ್ದು” ಎಂದೆವು. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಹತ್ತೊಂಬತ್ತು ವರ್ಷದ ವಯಸ್ಸು, ಹಿರಿಯರು ಕೇಳಿದ್ದಾರೆಂಬ ಜಂಬ. “ಕ್ಲಬ್ಬಿನಲ್ಲಿ ಕುಣಿಯುವ ಹಾಡು” ಎಂದು ಪಿಕ್ಚರಿನ ಹೆಸರನ್ನೂ ಸೇರಿಸಿ ಹೇಳಿದೆವು, ದಾರಿಯಲ್ಲಿ ಪೋಸ್ಟರು ಕಂಡು ತಿಳಿದವರ ಹಾಗೆ.

ಆಮೇಲೆ ಆದದ್ದನ್ನು ವಿಸ್ತರಿಸುವುದು ಬೇಡ. ಭಗವಂತನ ಮುಂದೆ ಕ್ಲಬ್ಬಿನ ಹಾಡೇ ಎಂದು ಹೆಂಗಸರು ಗುಜುಗುಜು ಎಂದರು. ತಾಯಿಯವರು ಸೆರಗು ಬಾಯಿಗೆ ಹಿಡಿದರು. ತಂದೆಯವರು ತಾಳ ಹಾಕುತ್ತಿದ್ದ ಕೈಯನ್ನು ಶಲ್ಯದೊಳಗೆ ತೆಗೆದುಕೊಂಡರು. ಆ ಹುಡುಗಿಗೆ ಹಾಡು ಎಲ್ಲಿಂದ ಬಂತು ಎಂದು ಎಲ್ಲರೂ ಕೇಳಿದರು. ಅವಳು ನಮ್ಮ ಕಡೆ ಒಮ್ಮೆ ನೋಡಿ, “ಪಕ್ಕದ ಮನೆಯ ರೇಡಿಯೋ” ಎಂದಳು. ನಮಗಾಗಿ ಅವಳು ಚೈತ್ಯಾಲಯದಲ್ಲಿ ಸುಳ್ಳು ಹೇಳಿದಳು, ಅದೂ ಪರ್ವದ ದಿನ. ಅವಳಿಗೆ ಮರುದಿನ ಉಪವಾಸದ ಪ್ರಾಯಶ್ಚಿತ್ತವಾಯಿತು. ನಾವು ಅಂದು ಎರಡು ಹೊತ್ತೂ ಉಂಡೆವು.

ಮರು ಬುಧವಾರ ನಾವು ಮಾಳಿಗೆಯ ಮೇಲೆ ಒಬ್ಬರೇ ಇದ್ದೆವು. ಕರೆದರೆ ಅವಳು “ನಿದ್ದೆ ಬಂದಿದೆ” ಎಂದಳು. ಅಂದಿನಿಂದ ಅವಳು ಸಭೆಯಲ್ಲಿ ಹಾಡಲಿಲ್ಲ. 1982ರಲ್ಲಿ ಮದುವೆಯಾಗಿ ರಾಯಚೂರಿಗೆ ಹೋದಳು. ಮದುವೆಯಲ್ಲಿ ಬೀಗರ ಕಡೆಯ ಹೆಂಗಸರು “ವಧು ಒಂದು ಹಾಡಲಿ” ಎಂದಾಗ ಗಂಟಲು ಸರಿಯಿಲ್ಲ ಎಂದಳು. ಅವಳ ಮಕ್ಕಳಿಗೆ ತಾಯಿ ಹಾಡುತ್ತಿದ್ದಳೆಂಬುದೇ ಗೊತ್ತಿಲ್ಲ. ಗಂಟಲು ಸರಿಯಿಲ್ಲವೆಂಬ ಮಾತು ನಲವತ್ತು ವರ್ಷ ನಡೆಯಿತು. ಅದನ್ನು ಕೇಳಿದಾಗಲೆಲ್ಲ ನಾವು ಬೇರೆ ಮಾತು ತೆಗೆಯುತ್ತಿದ್ದೆವು.

ಕ್ಷಮಾವಣಿಯ ದಿನ ಎಲ್ಲರಿಗೂ ಕಾರ್ಡು ಬರೆಯುವ ಪದ್ಧತಿ ನಮ್ಮ ಅಂಗಡಿಯಲ್ಲಿದೆ. ಅಚ್ಚು ಹಾಕಿಸಿದ ಕಾರ್ಡು, ‘ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಕ್ಕೆ’ ಎಂದು. ಅಡತಿಯವರಿಗೆ, ಲಾರಿಯವರಿಗೆ, ಬೀಗರಿಗೆ, ಸಾಲ ಮುಳುಗಿಸಿದವರಿಗೆ ಕೂಡ. ರಾಯಚೂರಿಗೆ ಮೊದಲ ಕಾರ್ಡು ಹೋಗುತ್ತಿತ್ತು. ಆ ‘ತಿಳಿಯದೆಯೋ’ ಎಂಬ ಅಕ್ಷರಗಳ ಹಿಂದೆ ನಾವು ಎಷ್ಟು ವರ್ಷ ಕೂತಿದ್ದೆವು!

2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕಕ್ಕೆಂದು ಎರಡೂ ಮನೆಯವರು ಕೂಡಿ ಶ್ರವಣಬೆಳಗೊಳಕ್ಕೆ ಬಸ್ಸು ಮಾಡಿಕೊಂಡು ಹೋದೆವು. ದಾರಿಯಲ್ಲಿ ಹುಡುಗಿಯರು ಮೊಬೈಲಿನಲ್ಲಿ ಬಾಹುಬಲಿ ಸ್ವಾಮಿಯ ಹಾಡು ಹಾಕಿದರು. ಹೊಸ ಹಿಂದಿ ಸಿನಿಮಾದ ಧಾಟಿ, ನಗಾರಿ ಸಮೇತ. ಎಲ್ಲರೂ ಚಪ್ಪಾಳೆ ತಟ್ಟಿದರು, ನಮ್ಮ ವಯಸ್ಸಿನವರೂ ತಟ್ಟಿದರು. ಈಗ ಭಜನೆಯ ಪುಸ್ತಕಗಳಲ್ಲಿ ಹಾಡಿನ ನೆತ್ತಿಯ ಮೇಲೆಯೇ ಇಂಥ ಸಿನಿಮಾ ಹಾಡಿನ ತರ್ಜಿನಲ್ಲಿ ಎಂದು ಅಚ್ಚು ಹಾಕುತ್ತಾರೆ, ಯಾರೂ ಕನ್ನಡಕ ಮೇಲೆ ಮಾಡಿ ಕೇಳುವುದಿಲ್ಲ. ಅದು ಸರಿಯೋ ತಪ್ಪೋ ಎಂದು ಈ ಪತ್ರಿಕೆಯಲ್ಲೇ ವಾದ ನಡೆಯಬಹುದು. ನಮ್ಮ ಅಭಿಪ್ರಾಯ ಕೇಳಿದರೆ, ಅವುಗಳಲ್ಲಿ ಹತ್ತಕ್ಕೆ ಒಂಬತ್ತು ಕೆಟ್ಟದಾಗಿವೆ, ತಂಗಿಯ ಹಾಗೆ ಓಟ ತೆಗೆದು ಸ್ವರ ಹಿಡಿದು ನಿಲ್ಲಿಸುವ ತೊಂದರೆಯನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಆ ಬಸ್ಸಿನಲ್ಲಿ ತಂಗಿ ನಮ್ಮ ಮುಂದಿನ ಸೀಟಿನಲ್ಲಿ ಕಿಟಕಿಯ ಹತ್ತಿರ ಕೂತಿದ್ದಳು. ಚಪ್ಪಾಳೆ ತಟ್ಟಲಿಲ್ಲ. ಹೊರಗೆ ನೋಡುತ್ತಿದ್ದಳು. ಅವಳ ತಲೆಗೂದಲು ಪೂರ್ತಿ ಬೆಳ್ಳಗಾಗಿದೆಯೆಂದು ನಮಗೆ ಅಂದೇ ಕಂಡದ್ದು.

ನಮ್ಮ ಕದ್ದು ಕೇಳುವ ಚಾಳಿ ಮಾತ್ರ ಬಿಡಲಿಲ್ಲ. ಗೋದಾಮಿನಲ್ಲಿ ಹತ್ತಿಕಾಳಿನ ಚೀಲಗಳ ಹಿಂದೆ ಒಂದು ಕುರ್ಚಿಯಿದೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು, ಮೊಬೈಲು, ಆಶಾ ಭೋಸ್ಲೆ. ಯಾರಾದರೂ ಬಂದ ಸಪ್ಪಳವಾದರೆ ಬೆರಳು ತಾನಾಗಿ ಣಮೋಕಾರ ಮಂತ್ರಕ್ಕೆ ಹೋಗುತ್ತದೆ. ಮನೆಯವರಿಗೆ ಗೊತ್ತು. ಅವರು ಗೋದಾಮಿಗೆ ಬರುವ ಮೊದಲು ಬಾಗಿಲ ಹತ್ತಿರ ಒಮ್ಮೆ ಕೆಮ್ಮುತ್ತಾರೆ.

2024ರ ಫೆಬ್ರವರಿ 20ರಂದು ಅಮೀನ್ ಸಯಾನಿ ತೀರಿಕೊಂಡರು, 91 ವರ್ಷ ವಯಸ್ಸಾಗಿತ್ತು. ಮರುದಿನ ಬುಧವಾರವಾಗಿತ್ತು. ಸಂಜೆಯ ಊಟ ಮುಗಿಸಿ ನಾವು ರಾಯಚೂರಿಗೆ ಫೋನು ಮಾಡಿದೆವು. ಭಾವನವರು ಎತ್ತಿ, ಯಾರಿಗೆ ಏನಾಯಿತು ಎಂದು ಗಾಬರಿಯಾದರು. ಆ ಹೊತ್ತಿಗೆ ನಾವು ಮಾಡುವವರಲ್ಲ. ತಂಗಿ ಬಂದಳು.

“ಅಮೀನ್ ಸಯಾನಿ ಹೋದರಂತೆ” ಎಂದೆವು.

“ಟಿ.ವಿ.ಯಲ್ಲಿ ನೋಡಿದೆ” ಎಂದಳು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾವು ಹೇಳಬೇಕಾದದ್ದನ್ನು ಹೇಳಿದೆವು. ಆದೋನಿಯ ಚೈತ್ಯಾಲಯ, ಹಿರಿಯರ ಪ್ರಶ್ನೆ, ನಮ್ಮ ಉತ್ತರ, ಅವಳ ಉಪವಾಸ. ವ್ಯಾಪಾರದಲ್ಲಿ ಬೇಕಾದಷ್ಟು ಮಾತಾಡಿದ ನಾಲಿಗೆ ಅಂದು ಎರಡು ಸಲ ತಡವರಿಸಿತು. ‘ತಿಳಿದೇ ಮಾಡಿದ್ದು’ ಎಂಬ ಮಾತನ್ನೂ ಹೇಳಿದೆವು.

ಅವಳು, “ಇಷ್ಟು ವರ್ಷ ಕಾರ್ಡು ಬಂದವು ಅಣ್ಣಾ, ಎಲ್ಲ ಎತ್ತಿಟ್ಟಿದೀನಿ. ಒಂದರಲ್ಲೂ ಈ ಮಾತಿರಲಿಲ್ಲ” ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಹಾಡುವ ವಿಷಯ ನಾವು ಕೇಳುವ ಧೈರ್ಯ ಮಾಡಲಿಲ್ಲ. ಮಳೆ ಬೆಳೆ ಮಾತಾಯಿತು, ಮೊಮ್ಮಕ್ಕಳ ಪರೀಕ್ಷೆಯ ಮಾತಾಯಿತು. ಇಡುತ್ತೇನೆ ಎಂದವಳು ಮತ್ತೆ, “ಅಣ್ಣಾ, ಇನ್ನೊಂದು ಮಾತು. ಅವತ್ತು ನೀನು ಪಿಕ್ಚರ್ ಹೆಸರು ಹೇಳಿದೆಯಲ್ಲ, ಅದು ತಪ್ಪು. ಆ ಹಾಡು ಆ ಪಿಕ್ಚರಿಂದಲ್ಲ” ಎಂದು ಬೇರೆ ಹೆಸರು ಹೇಳಿದಳು.

ನಾವು ಒಪ್ಪಲಿಲ್ಲ. ಸಾಧ್ಯವೇ ಇಲ್ಲ, ಸಿಲೋನಿನಲ್ಲಿ ನಮ್ಮ ಕಿವಿಯಾರೆ ಕೇಳಿದ್ದು ಎಂದು ವಾದಿಸಿದೆವು. ಮೊಮ್ಮಗನನ್ನು ಕರೆದು ಅವನ ಫೋನಿನಲ್ಲಿ ಹುಡುಕಿಸಿದೆವು, ಇವಳು ಆ ಕಡೆ ಫೋನು ಹಿಡಿದುಕೊಂಡೇ ಇದ್ದಳು. ಅವಳು ಹೇಳಿದ್ದೇ ಸರಿಯಾಗಿತ್ತು.